ಋಷಿಮೂಲ ಕೇಳಬಾರದೇ?

ಹೋದ ತಿಂಗಳ ಎರಡನೆಯ ಭಾನುವಾರ ನಮ್ಮ ಸಂಘದ ವಾಚನಾಲಯ ಸಮಿತಿಯ ಸಭೆ ಸೇರಿತ್ತು. ಸಭೆ ಎಂದರೆ ದೊಡ್ಡದೇನಲ್ಲ. ಏಳು ಜನ ಸದಸ್ಯರು, ಒಂದು ಫ್ಲಾಸ್ಕು ಕಾಫಿ, ಒಂದು ಡಬ್ಬಿ ಕೋಡುಬಳೆ. ನಿವೃತ್ತರಾಗಿ ದೆಹಲಿ ಬಿಟ್ಟು ಬೆಂಗಳೂರಿಗೆ ಹೊರಟ ಹಿರಿಯ ಸದಸ್ಯರೊಬ್ಬರು ಎರಡು ಟ್ರಂಕು ತುಂಬ ಪುಸ್ತಕಗಳನ್ನು ಸಂಘಕ್ಕೆ ಕೊಟ್ಟುಹೋಗಿದ್ದರು. ಅವನ್ನು ವಿಂಗಡಿಸಿ ಕಪಾಟಿಗೆ ಸೇರಿಸುವುದು ಅಂದಿನ ಕೆಲಸ. ಕಾದಂಬರಿ ಒಂದು ಕಡೆ, ಇತಿಹಾಸ ಒಂದು ಕಡೆ, ಅಧ್ಯಾತ್ಮ ಒಂದು ಕಡೆ. ಗಂಟೆಯೊಳಗೆ ಮುಗಿಯಬೇಕಾಗಿದ್ದ ಈ ಕೆಲಸ ಒಂದೇ ಒಂದು ಪುಸ್ತಕದ ದೆಸೆಯಿಂದ ಸಂಜೆ ದೀಪ ಹಚ್ಚುವವರೆಗೂ ಎಳೆಯಿತು.

ಆ ಪುಸ್ತಕದ ಹೆಸರು ‘ದಿ ಥರ್ಡ್ ಐ’, ಅಂದರೆ ಮೂರನೆಯ ಕಣ್ಣು. ಬರೆದವರ ಹೆಸರು ಟಿ. ಲೋಬ್ಸಾಂಗ್ ರಾಂಪ. ಟ್ರಂಕು ಬಿಚ್ಚಿದ ಮಿತ್ರರು ಅದನ್ನು ಅಧ್ಯಾತ್ಮದ ಕಪಾಟಿನಲ್ಲಿ, ಪರಮಹಂಸರ ಮತ್ತು ರಮಣರ ಪುಸ್ತಕಗಳ ಪಕ್ಕದಲ್ಲಿ ನಿಲ್ಲಿಸಿದರು. ನಾವು ಅದನ್ನು ತೆಗೆದು ಕಾದಂಬರಿಗಳ ಜೊತೆಗಿಟ್ಟೆವು. ಅವರು ಮತ್ತೆ ತೆಗೆದು ಮೊದಲಿದ್ದಲ್ಲಿಗೇ ಇಟ್ಟರು.

“ಇದು ಕಟ್ಟುಕಥೆ, ಸ್ವಾಮಿ” ಎಂದೆವು.

“ಇರಬಹುದು ಕಣ್ರೀ. ಓದಿದವರಿಗೆ ಒಳ್ಳೇದಾದ್ರೆ ಸಾಲದೇ? ಋಷಿಮೂಲ, ನದೀಮೂಲ ಹುಡುಕಬಾರದು ಅಂತ ಹಿರಿಯರು ಸುಮ್ಮನೆ ಹೇಳಿದ್ರಾ?” ಎಂದರು.

ಉಳಿದ ಐವರೂ ತಲೆದೂಗಿದರು. ಗಾದೆಯ ಮುಂದೆ ಗುಮಾಸ್ತೆಯ ಮಾತು ನಡೆಯುವುದೇ? ಪುಸ್ತಕ ಅಧ್ಯಾತ್ಮದ ಕಪಾಟಿನಲ್ಲೇ ಉಳಿಯಿತು. ಸಭೆಯಲ್ಲಿ ಸೋತವರು ಪತ್ರಿಕೆಯಲ್ಲಿ ಬರೆಯುವುದು ನಮ್ಮ ಸಂಘದ ಹಳೆಯ ಪದ್ಧತಿ. ಆದ್ದರಿಂದ ಲೇಖನಿ ಹಿಡಿದಿದ್ದೇವೆ.

ಮೊದಲು ಪ್ರಕರಣದ ಸಂಗತಿಗಳನ್ನು ಓದುಗರ ಮುಂದಿಡುತ್ತೇವೆ. ಕಡತದಲ್ಲಿ ಸಂಗತಿ ಮೊದಲು, ಅಭಿಪ್ರಾಯ ಆಮೇಲೆ ಎಂಬುದು ಇಷ್ಟು ವರ್ಷದ ನೌಕರಿ ನಮಗೆ ಕಲಿಸಿದ ಪಾಠ.

‘ದಿ ಥರ್ಡ್ ಐ’ 1956ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಇದು ಒಬ್ಬ ಟಿಬೆಟನ್ ಲಾಮಾನ ಆತ್ಮಕಥೆ ಎಂದು ಹೇಳಿಕೊಂಡಿತ್ತು. ಲಾಸಾ ನಗರದ ಶ್ರೀಮಂತ ಮನೆತನದ ಹುಡುಗ ಏಳನೆಯ ವಯಸ್ಸಿನಲ್ಲಿ ಮಠ ಸೇರುತ್ತಾನೆ. ಎಂಟನೆಯ ವಯಸ್ಸಿನಲ್ಲಿ ಅವನ ಹಣೆಯ ಮೂಳೆಗೆ ರಂಧ್ರ ಕೊರೆದು ಕಡ್ಡಿಯೊಂದನ್ನು ತೂರಿಸುತ್ತಾರೆ. ಮೂರನೆಯ ಕಣ್ಣು ತೆರೆಯುತ್ತದೆ. ಅಂದಿನಿಂದ ಅವನಿಗೆ ಮನುಷ್ಯರ ಸುತ್ತಲಿನ ಪ್ರಭೆ ಕಾಣುತ್ತದೆ. ಆ ಬಣ್ಣಗಳನ್ನು ನೋಡಿಯೇ ಅವರ ಮನಸ್ಸನ್ನೂ ರೋಗವನ್ನೂ ಹೇಳಬಲ್ಲ. ಮನುಷ್ಯರನ್ನು ಹೊತ್ತು ಹಾರುವ ಗಾಳಿಪಟಗಳು, ಹಿಮಮಾನವ, ಪೊಟಾಲ ಅರಮನೆಯ ಕೆಳಗಿನ ಗುಹೆಯಲ್ಲಿ ಚಿನ್ನ ಹೊದಿಸಿದ ದೈತ್ಯದೇಹಗಳು, ಎಲ್ಲವೂ ಅದರಲ್ಲಿವೆ. ಎಲ್ಲವನ್ನೂ ‘ನಾನೇ ಕಂಡೆ’ ಎಂದು ಹೇಳಲಾಗಿದೆ.

ಪ್ರಕಾಶಕರಿಗೆ ಮೊದಲೇ ಅನುಮಾನವಿತ್ತು. ಹಸ್ತಪ್ರತಿಯನ್ನು ತಿಳಿದವರಿಗೆ ಕಳಿಸಿ ಅಭಿಪ್ರಾಯ ಕೇಳಿದರು. ಒಬ್ಬರ ಮಾತು ಒಬ್ಬರಿಗೆ ಹೊಂದಲಿಲ್ಲ. ಪ್ರಕಾಶಕರು ಲೇಖಕನ ಮುಂದೆ ಟಿಬೆಟನ್ ಭಾಷೆಯ ಕೆಲವು ಮಾತುಗಳನ್ನು ಆಡಿ ನೋಡಿದರು. ಅವನಿಗೆ ತಿಳಿಯಲಿಲ್ಲ. ಜಪಾನೀಯರ ಸೆರೆಯಲ್ಲಿದ್ದಾಗ ಗುಟ್ಟು ಬಿಡಬಾರದೆಂದು ಆ ಭಾಷೆಯನ್ನೇ ಮನಸ್ಸಿನಿಂದ ಅಳಿಸಿಕೊಂಡೆ ಎಂದು ಸಬೂಬು ಹೇಳಿದ. ಕೊನೆಗೆ ಪ್ರಕಾಶಕರು, ಇದರಲ್ಲಿನ ಹೇಳಿಕೆಗಳಿಗೆಲ್ಲ ಲೇಖಕನೇ ಹೊಣೆ ಎಂದು ಮುನ್ನುಡಿಯಲ್ಲಿ ತಿಳಿಸಿ ಪುಸ್ತಕವನ್ನು ಹೊರಡಿಸಿಯೇಬಿಟ್ಟರು. ಈಗಿನ ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಅದು ‘ಸ್ವಯಂ ದೃಢೀಕೃತ’ ಪ್ರತಿ. ಪುಸ್ತಕವಂತೂ ಬಿಸಿ ದೋಸೆಯಂತೆ ಖರ್ಚಾಯಿತು. ಅನೇಕ ಭಾಷೆಗಳಿಗೆ ಹೋಯಿತು.

ಆದರೆ ಟಿಬೆಟ್ಟನ್ನು ನಿಜವಾಗಿ ಕಂಡವರು ಸುಮ್ಮನಿರಲಿಲ್ಲ. ಲಾಸಾದಲ್ಲಿ ವರ್ಷಗಟ್ಟಲೆ ಇದ್ದ ಹೈನ್ರಿಶ್ ಹಾರರ್, ಅಲ್ಲಿ ಸರ್ಕಾರದ ಪ್ರತಿನಿಧಿಯಾಗಿದ್ದ ಹ್ಯೂ ರಿಚರ್ಡ್‌ಸನ್ ಮೊದಲಾದವರು ಇದು ಬೊಗಳೆ ಎಂದರು. ಟಿಬೆಟನ್ ಬೌದ್ಧಧರ್ಮವನ್ನು ಬಲ್ಲ ಮಾರ್ಕೊ ಪಲ್ಲಿಸ್ ಎಂಬವರು ಕ್ಲಿಫರ್ಡ್ ಬರ್ಜೆಸ್ ಎಂಬ ಖಾಸಗಿ ಪತ್ತೇದಾರನನ್ನು ನೇಮಿಸಿದರು. 1958ರ ಆರಂಭದಲ್ಲಿ ಗುಟ್ಟು ಬಯಲಾಗಿ ಲಂಡನ್ನಿನ ಪತ್ರಿಕೆಗಳಲ್ಲಿ ಬಂದಿತು. ಲೋಬ್ಸಾಂಗ್ ರಾಂಪ ಎಂಬಾತ ಸಿರಿಲ್ ಹೆನ್ರಿ ಹಾಸ್ಕಿನ್. 1910ರಲ್ಲಿ ಇಂಗ್ಲೆಂಡಿನ ಡೆವನ್ ಪ್ರಾಂತದ ಪ್ಲಿಂಪ್ಟನ್ ಎಂಬ ಊರಿನಲ್ಲಿ ಹುಟ್ಟಿದವನು. ತಂದೆ ಪ್ಲಂಬರ್. ಮಗ ಟಿಬೆಟ್ಟಿಗೆ ಕಾಲಿಟ್ಟವನೇ ಅಲ್ಲ.

ಸಿಕ್ಕಿಬಿದ್ದ ಮೇಲಾದರೂ ಒಪ್ಪಿಕೊಂಡನೇ? ಇಲ್ಲ. ತಾನು ಹಾಸ್ಕಿನ್ ಆಗಿ ಹುಟ್ಟಿದ್ದು ನಿಜ. ಆದರೆ ಒಂದು ದಿನ ತೋಟದಲ್ಲಿ ಗೂಬೆಯೊಂದರ ಫೋಟೋ ತೆಗೆಯಲು ಮರ ಹತ್ತಿ ಕೆಳಗೆ ಬಿದ್ದೆ. ಆ ಮೇಲೆ ಲಾಮಾನ ಆತ್ಮ ತನ್ನ ದೇಹವನ್ನು ಹೊಕ್ಕಿತು ಎಂದ. ನಮ್ಮ ಕಡೆ ಇದಕ್ಕೆ ಪರಕಾಯ ಪ್ರವೇಶ ಎನ್ನುತ್ತೇವೆ. ಅದರ ಮೇಲೂ ಪುಸ್ತಕಗಳು ಬರುತ್ತಲೇ ಇದ್ದವು. 1964ರಲ್ಲಿ ಬಂದ ಪುಸ್ತಕವೊಂದನ್ನು ಅವನು ಸಾಕಿದ ಬೆಕ್ಕೇ ಹೇಳಿ ಬರೆಸಿತಂತೆ! 1981ರಲ್ಲಿ ಕೆನಡಾದಲ್ಲಿ ತೀರಿಕೊಳ್ಳುವವರೆಗೂ ತಾನು ಬರೆದದ್ದೆಲ್ಲ ಸತ್ಯವೆಂದೇ ಸಾಧಿಸಿದ.

ಇವಿಷ್ಟು ಸಂಗತಿಗಳು. ಇನ್ನು ವಾದ.

ನಮಗೂ ಈ ಪುಸ್ತಕಕ್ಕೂ ಹಳೆಯ ಲೆಕ್ಕವಿದೆ ಎಂಬುದನ್ನು ಮುಚ್ಚಿಡುವುದಿಲ್ಲ. 1999ರಲ್ಲಿ ತುಮಕೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ಬೆಂಗಳೂರಿನ ಅವೆನ್ಯೂ ರಸ್ತೆಯ ಪಾದಚಾರಿ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿಗೆ ಇದನ್ನು ಕೊಂಡಿದ್ದೆವು. ಹಾಸ್ಟೆಲಿನಲ್ಲಿ ಎರಡು ರಾತ್ರಿ ನಿದ್ದೆಗೆಟ್ಟು ಓದಿದೆವು. ಲೇಖಕನು ಯಾರೆಂಬುದು ನಮಗೆ ತಿಳಿಯದು. ಓದಿದ ಅಕ್ಷರ ಅಕ್ಷರವನ್ನೂ ನಂಬಿದೆವು. ಹಗಲು ಪ್ರಯೋಗಶಾಲೆಯಲ್ಲಿ ಪಟ್ಟಕದಿಂದ ಬೆಳಕನ್ನು ಒಡೆದು ಅಳೆಯುವುದು. ರಾತ್ರಿ ಕೊಠಡಿಯ ಮಿತ್ರನ ತಲೆಯ ಸುತ್ತ ಪ್ರಭೆ ಕಾಣುವುದೇ ಎಂದು ಕಣ್ಣು ಕಿರಿದು ಮಾಡಿ ನೋಡುವುದು. “ಏನೋ ಹಂಗ್ ನೋಡ್ತೀಯ, ದುಡ್ಡು ಕೊಡ್ಬೇಕಾ ನಾನು?” ಎಂದು ಅವನು ಬೈದದ್ದುಂಟು. ಅದು ನಮ್ಮ ಪೆದ್ದುತನ, ಇರಲಿ. ನೌಕರಿ ಸಿಕ್ಕಿ ದೆಹಲಿಗೆ ಬಂದ ಮೇಲೆ ಒಂದು ದಿನ ಬೇರೊಂದು ಪುಸ್ತಕದಲ್ಲಿ ಹಾಸ್ಕಿನ್ನನ ಹೆಸರು ಕಂಡಿತು. ಅಂದು ಆದ ಅವಮಾನ ಇಂದಿಗೂ ಆರಿಲ್ಲ.

ಆದರೆ ಏಕೆ ಅವಮಾನ? ಕಥೆ ಕಲ್ಪಿತವೆಂದೇ? ಕಾರಂತರ ಚೋಮ ಎಂಬವನು ಹುಟ್ಟಿ ಬದುಕಿ ಸತ್ತ ದಾಖಲೆ ಇಲ್ಲವೆಂದು ನಾವು ಯಾರಾದರೂ ಅವಮಾನಪಟ್ಟಿದ್ದೇವೆಯೇ? ಇಲ್ಲ. ಕಲ್ಪನೆಯಿಂದ ನಮಗೆ ಜಗಳವಿಲ್ಲ. ಕಲ್ಪನೆಯನ್ನು ‘ಕಂಡೆ’ ಎಂದು ಪ್ರಮಾಣ ಮಾಡಿ ಹೇಳಿದ್ದರಿಂದ ಜಗಳ. ಇದಿಷ್ಟೇ ನಮ್ಮ ವಾದದ ತಿರುಳು. ಉಳಿದದ್ದೆಲ್ಲ ಇದರ ವಿವರಣೆ.

ನಮ್ಮ ಓದುಗರಲ್ಲಿ ಬಹುಪಾಲು ನೌಕರಿಯವರು. ಆದ್ದರಿಂದ ಎಲ್.ಟಿ.ಸಿ.ಯ ಉದಾಹರಣೆ ಕೊಡುತ್ತೇವೆ. ಒಬ್ಬ ನೌಕರ ಕುಟುಂಬ ಸಮೇತ ಕನ್ಯಾಕುಮಾರಿಗೆ ಹೋಗಿ ಬಂದೆನೆಂದು ಬಿಲ್ಲು ಹಾಕುತ್ತಾನೆ. ಅದರ ಜೊತೆ ಅಲ್ಲಿಯ ಸೂರ್ಯಾಸ್ತವನ್ನು ಕುರಿತು ಎರಡು ಪುಟದ ಸೊಗಸಾದ ವರ್ಣನೆಯನ್ನೂ ಲಗತ್ತಿಸುತ್ತಾನೆ. ಟಿಕೆಟ್ಟು ಮಾತ್ರ ಇಲ್ಲ. ವಿಚಾರಿಸಿದರೆ ಆ ಹದಿನೈದು ದಿನವೂ ಮನೆಯಲ್ಲೇ ಇದ್ದ. “ಸೂರ್ಯಾಸ್ತದ ವರ್ಣನೆ ಓದಿ ನಿಮಗೆ ಆನಂದವಾಯಿತೋ ಇಲ್ಲವೋ? ಹೋದೆನೋ ಬಿಟ್ಟೆನೋ ಅದೇಕೆ ಕೇಳುತ್ತೀರಿ?” ಎಂದರೆ ಲೆಕ್ಕಪತ್ರ ವಿಭಾಗದವರು ಬಿಲ್ಲು ಪಾಸು ಮಾಡುತ್ತಾರೆಯೇ? ಆ ವರ್ಣನೆಯನ್ನು ಅವನು ದೀಪಾವಳಿ ವಿಶೇಷಾಂಕಕ್ಕೆ ಕವಿತೆಯಾಗಿ ಕಳಿಸಿದ್ದರೆ ನಾವೇ ಮೆಚ್ಚಿ ಪ್ರಕಟಿಸುತ್ತಿದ್ದೆವು. ಬರಹ ಅದೇ, ಆದರೆ ಅದನ್ನು ಮುಂದಿಟ್ಟು ಕೇಳಿದ್ದು ಬೇರೆ. ಕವಿತೆ ಕೇಳುವುದು ರಸಿಕತೆಯನ್ನು, ಬಿಲ್ಲು ಕೇಳುವುದು ನಂಬಿಕೆಯನ್ನು.

“ಹಾಗಾದರೆ ರಾಮಾಯಣ, ಭಾರತ, ಪುರಾಣಗಳನ್ನೂ ಕಾದಂಬರಿಯ ಕಪಾಟಿಗೆ ಹಾಕಿ” ಎಂದು ಸಭೆಯಲ್ಲೇ ಒಬ್ಬರು ಚುಚ್ಚಿದರು. 1976ರಲ್ಲಿ ಪವಾಡಗಳ ತನಿಖೆಗೆಂದು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಿತಿ ರಚಿಸಿದ ಎಚ್. ನರಸಿಂಹಯ್ಯನವರ ಶಿಷ್ಯರೋ ನೀವು ಎಂದೂ ಕೇಳಿದರು. ಅಂಥ ಭಾಗ್ಯ ನಮಗಿರಲಿಲ್ಲ. ಚುಚ್ಚುಮಾತಿಗೆ ಉತ್ತರವನ್ನು ಮಾತ್ರ ಕೊಡುತ್ತೇವೆ.

ಕನ್ನಡಿಗರ ಮನೆಯಲ್ಲಿ ‘ಮಂಕುತಿಮ್ಮನ ಕಗ್ಗ’ ಇಲ್ಲದಿರುವುದು ಅಪರೂಪ. 1943ರಲ್ಲಿ ಬಂದ ಪುಸ್ತಕ. ಮಂಕುತಿಮ್ಮ ಎಂಬವನು ಎಲ್ಲಿದ್ದ? ಎಲ್ಲಿಯೂ ಇಲ್ಲ, ಡಿ.ವಿ. ಗುಂಡಪ್ಪನವರು ಕಲ್ಪಿಸಿಕೊಂಡ ಹೆಸರು. ಆದರೆ ಅವರು ತಲೆಗೆ ಬೇರೆ ಪೇಟ ಸುತ್ತಿಕೊಂಡು ‘ನಾನೇ ಮಂಕುತಿಮ್ಮ, ಹಿಮಾಲಯದ ಗುಹೆಯಲ್ಲಿ ನೂರು ವರ್ಷವಿದ್ದೆ, ಆದ್ದರಿಂದ ನನ್ನ ಮಾತು ನಂಬಿರಿ’ ಎಂದರೇ? ಪುಸ್ತಕದ ಮೇಲೆ ತಮ್ಮ ಹೆಸರನ್ನೇ ಹಾಕಿದರು. ಕಗ್ಗದ ಪದ್ಯ ನಮಗೆ ಒಪ್ಪಿಗೆಯಾಗುವುದು ತಿಮ್ಮ ಏನನ್ನೋ ಕಂಡುಬಂದನೆಂದಲ್ಲ. ನಾವೇ ಬಾಳಿನಲ್ಲಿ ಕಂಡದ್ದಕ್ಕೆ ಅದು ತಾಳೆಯಾಗುತ್ತದೆಂದು. ಅಲ್ಲಿ ಸಾಕ್ಷಿಯ ಸ್ಥಾನದಲ್ಲಿರುವವನು ಓದುಗನೇ.

‘ಶೂನ್ಯಸಂಪಾದನೆ’ಯನ್ನು ನೋಡಿ. ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಸಂವಾದದ ರೂಪದಲ್ಲಿ ಹೆಣೆದರು. ಬೇರೆಯವರು ಅದನ್ನು ಮತ್ತೆ ಪರಿಷ್ಕರಿಸಿದರು. ಅಲ್ಲಮ ಮತ್ತು ಅಕ್ಕ ಎದುರುಬದುರು ಆಡಿದ ಮಾತುಗಳನ್ನು ಯಾರೂ ಕುಳಿತು ಬರೆದುಕೊಂಡದ್ದಲ್ಲ, ಜೋಡಣೆ ಸಂಕಲನಕಾರರದು. ಇದು ವಿದ್ವಾಂಸರಿಗೆಲ್ಲ ಗೊತ್ತು. ಆದರೂ ಅದರ ಬೆಲೆ ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ. ಏಕೆಂದರೆ ಮಹಾದೇವಯ್ಯನವರು ‘ನಾನು ಅನುಭವ ಮಂಟಪದ ಮೂಲೆಯಲ್ಲಿ ಕುಳಿತು ಕೇಳಿದೆ’ ಎಂದು ಕಳ್ಳಸಾಕ್ಷಿ ಹೇಳಲಿಲ್ಲ. ಕಟ್ಟಿದವರು ‘ಕಟ್ಟಿದೆ’ ಎಂದರು. ಹೂಮಾಲೆಗೆ ದಾರ ಬೇಕು. ದಾರ ತಾನೂ ಹೂವೆಂದು ಹೇಳಿಕೊಳ್ಳಲಿಲ್ಲ.

ನಮ್ಮ ಶಾಸ್ತ್ರಕಾರರು ಈ ಪ್ರಶ್ನೆಯನ್ನು ನಮಗಿಂತ ಮೊದಲೇ ಬಿಡಿಸಿ ನೋಡಿದ್ದಾರೆ. ಮಾತು ಯಾವಾಗ ಪ್ರಮಾಣವಾಗುತ್ತದೆ? ಮೀಮಾಂಸಕರು ವೇದ ಅಪೌರುಷೇಯ, ಅದಕ್ಕೆ ಕರ್ತೃವೇ ಇಲ್ಲ, ಆದ್ದರಿಂದ ಸುಳ್ಳು ಹೇಳುವವರೂ ಇಲ್ಲ ಎಂದರು. ನೈಯಾಯಿಕರು ಆಪ್ತನ ಮಾತು ಪ್ರಮಾಣ ಎಂದರು. ಆಪ್ತನೆಂದರೆ ಯಾರು? ವಿಷಯವನ್ನು ತಾನು ಸಾಕ್ಷಾತ್ತಾಗಿ ಅರಿತವನು, ಅರಿತದ್ದನ್ನು ಅರಿತಂತೆಯೇ ಹೇಳಬೇಕೆಂಬ ಇಚ್ಛೆಯುಳ್ಳವನು. ವಾತ್ಸ್ಯಾಯನನ ನ್ಯಾಯಭಾಷ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎನ್ನುತ್ತದೆ. ಎಂಥ ದೊಡ್ಡ ಮಾತು! ಹುಟ್ಟು ಯಾವುದಾದರೇನು, ಕಂಡದ್ದನ್ನು ಕಂಡಂತೆ ಹೇಳಿದರೆ ಆಪ್ತ. ಈ ಅಳತೆಗೋಲಿನಲ್ಲಿ ರಾಂಪ ಎರಡು ಕಡೆಯೂ ಸೋಲುತ್ತಾನೆ. ಕಂಡವನೂ ಅಲ್ಲ, ಕಂಡಂತೆ ಹೇಳುವ ಇಚ್ಛೆಯೂ ಇಲ್ಲ.

ಈಗ ಮಿತ್ರರ ಗಾದೆಗೆ ಬರೋಣ. ಋಷಿಮೂಲ ಕೇಳಬಾರದು ಎಂಬುದರ ಅರ್ಥವೇನು? ವ್ಯಾಸರ ತಾಯಿ ಬೆಸ್ತರ ಹುಡುಗಿ, ವಾಲ್ಮೀಕಿ ಬೇಡ ಎಂದು ಮೂಗು ಮುರಿಯಬೇಡ, ಮಾತಿನ ತೂಕ ನೋಡು ಎಂದು. ಅದು ಜಾತಿಯ ಸೊಕ್ಕಿಗೆ ಹಾಕಿದ ಲಗಾಮು. ಬದರಿಗೆ ಹೋಗದವನು ಬದರಿಯಲ್ಲಿ ತಪಸ್ಸು ಮಾಡಿದೆ ಎಂದರೆ ‘ಯಾವ ವರ್ಷ ಸ್ವಾಮಿ?’ ಎಂದು ಕೇಳಬಾರದೆಂದು ಆ ಗಾದೆ ಹೇಳಿಲ್ಲ. ಹುಟ್ಟನ್ನು ಕೇಳಬೇಡ ಎಂದ ಮಾತನ್ನು ಸುಳ್ಳನ್ನು ಕೇಳಬೇಡ ಎಂದು ತಿರುಚುವುದು ಗಾದೆಗೆ ಮಾಡುವ ದ್ರೋಹ. ‘ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು’ ಎಂಬ ಗಾದೆಯೂ ಅದೇ ಹಿರಿಯರದು ತಾನೇ?

ಇಲ್ಲಿ ಇನ್ನೊಂದು ಮಾತು ಹೇಳದೆ ಇರಲಾರೆವು. ಹಾಸ್ಕಿನ್ ಪ್ಲಂಬರನ ಮಗ ಎಂದು ಲಂಡನ್ನಿನ ಜನ ನಕ್ಕರು. ನಾವು ನಗುವುದಿಲ್ಲ. ನಗಲು ನಮಗೆ ಅಧಿಕಾರವೂ ಇಲ್ಲ. ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಎಂದು ಕಸುಬನ್ನೇ ಹೆಸರಿನ ಮುಂದೆ ಇಟ್ಟುಕೊಂಡು ಪರಮಾರ್ಥ ಹೇಳಿದವರ ನಾಡಿನಿಂದ ಬಂದವರು ನಾವು. ದೋಣಿ ಹುಟ್ಟು ಹಾಕುವವನು, ಹಗ್ಗ ಹೊಸೆಯುವವನು ಎಂದು ಅವರ ಮಾತಿನ ಬೆಲೆ ಇಳಿಯಲಿಲ್ಲ, ಏರಿತು. ಹಾಸ್ಕಿನ್ ಕೂಡ ‘ನಾನು ಪ್ಲಿಂಪ್ಟನ್ನಿನ ಪ್ಲಂಬರನ ಮಗ, ನನ್ನ ಮನಸ್ಸಿಗೆ ಹೀಗೆ ಹೊಳೆಯಿತು’ ಎಂದು ಬರೆದಿದ್ದರೆ ಅವನ ಪುಸ್ತಕವನ್ನು ನಾವೇ ಕೈಯಾರೆ ಅಧ್ಯಾತ್ಮದ ಕಪಾಟಿನಲ್ಲಿ ಇಡುತ್ತಿದ್ದೆವು. ತನ್ನ ಮೂಲದ ಬಗ್ಗೆ ನಾಚಿದವನು ಅವನೇ, ನಾವಲ್ಲ.

“ಅದರಲ್ಲಿ ಒಳ್ಳೆಯ ಬೋಧನೆ ಇದೆಯಲ್ಲ?” ಎಂಬುದು ಇನ್ನೊಂದು ವಾದ. ಇದೆ. ಕರುಣೆ ಇರಲಿ, ತಾಳ್ಮೆ ಇರಲಿ, ಸಾವಿಗೆ ಅಂಜಬೇಡಿ ಎಂಬ ಮಾತುಗಳಿವೆ. ಇವು ಯಾವ ಮನೆಯ ಅಜ್ಜಿಗೆ ಗೊತ್ತಿಲ್ಲ? ಇವಕ್ಕಾಗಿ ಲಾಸಾಕ್ಕೆ ಹೋಗಬೇಕಾಗಿಲ್ಲ. ಆ ಪುಸ್ತಕದ ಸ್ವಂತ ಸರಕೆಂದರೆ ಹಣೆಯ ರಂಧ್ರ, ರೋಗ ಹೇಳುವ ಬಣ್ಣಗಳು, ಗುಹೆಯ ದೈತ್ಯರು. ಅವು ನಿಂತಿರುವುದು ‘ಕಂಡೆ’ ಎಂಬ ಒಂದೇ ಕಂಬದ ಮೇಲೆ. ಕಂಬ ಕಿತ್ತರೆ ಚಪ್ಪರ ಉಳಿಯದು.

“ಅದನ್ನು ಓದಿಯೇ ಎಷ್ಟೋ ಜನ ನಿಜವಾದ ಟಿಬೆಟ್ಟಿನ ಕಡೆಗೆ ತಿರುಗಿದರಲ್ಲ?” ಎಂದೂ ಕೇಳುತ್ತಾರೆ. ಇದೂ ನಿಜ, ಒಪ್ಪಿಕೊಳ್ಳೋಣ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೊನಾಲ್ಡ್ ಲೋಪೆಜ್ ಅವರು 1998ರ ತಮ್ಮ ಪುಸ್ತಕದಲ್ಲಿ, ಟಿಬೆಟ್ ಅಧ್ಯಯನಕ್ಕೆ ಬಂದ ಕೆಲವು ವಿದ್ವಾಂಸರು ಮೊದಲು ಮರುಳಾದದ್ದು ಈ ಪುಸ್ತಕಕ್ಕೇ ಎಂದು ಬರೆದಿದ್ದಾರೆ. ಅದೇ ಲೋಪೆಜ್ ಇನ್ನೊಂದು ಸಂಗತಿಯನ್ನೂ ಬರೆದಿದ್ದಾರೆ. ಲೇಖಕನ ಕಥೆ ಹೇಳದೆ ಇದನ್ನು ತಮ್ಮ ವಿದ್ಯಾರ್ಥಿಗಳಿಗೆ ಓದಲು ಕೊಟ್ಟರಂತೆ. ಅಷ್ಟು ಹೊತ್ತಿಗೆ ಟಿಬೆಟ್ಟಿನ ಬಗ್ಗೆ ಬೇರೆ ಸಾಚಾ ಪುಸ್ತಕಗಳನ್ನು ಓದಿದ್ದ ಆ ಹುಡುಗರು, ಎಲ್ಲಕ್ಕಿಂತ ಇದೇ ಹೆಚ್ಚು ನಂಬುವಂತಿದೆ ಎಂದರಂತೆ! ಇದರಿಂದ ತಿಳಿಯುವುದೇನು? ಕೃತಕ ತುಪ್ಪಕ್ಕೆ ಪರಿಮಳ ಹೆಚ್ಚು. ತಪ್ಪು ರೈಲು ಹತ್ತಿದವರು ಕೆಲವರು ಒಳ್ಳೆಯ ಊರಿಗೇ ಸೇರಿರಬಹುದು. ಅದಕ್ಕೆಂದು ನಿಲ್ದಾಣದ ಫಲಕವನ್ನು ತಪ್ಪಾಗಿಯೇ ಇಟ್ಟುಕೊಳ್ಳಬೇಕೇ?

“ಹೋಗಲಿ, ಯಾರಿಗೆ ಏನು ನಷ್ಟ?” ಇದೇ ನಿಜವಾದ ಪ್ರಶ್ನೆ. ಎರಡು ಉತ್ತರ ಕೊಡುತ್ತೇವೆ.

ಮೊದಲನೆಯದು ನಮ್ಮ ಪಕ್ಕದ ಬ್ಲಾಕಿನದು. ಹಿರಿಯರೊಬ್ಬರಿದ್ದಾರೆ, ಸಕ್ಕರೆ ಕಾಯಿಲೆಯವರು. ಕೆಲವು ವರ್ಷಗಳ ಹಿಂದೆ ಬಡಾವಣೆಗೆ ಒಬ್ಬ ಸಾಧಕರು ಬಂದು ಭಾನುವಾರದ ತರಗತಿ ನಡೆಸತೊಡಗಿದರು. ಹನ್ನೆರಡು ವರ್ಷ ಹಿಮಾಲಯದಲ್ಲಿ ಗುರುಗಳ ಬಳಿ ಇದ್ದೆ, ಮನುಷ್ಯನ ಪ್ರಭೆ ನೋಡಿ ರೋಗ ಹೇಳಬಲ್ಲೆ ಎಂದರು. ಹಿಮಾಲಯದಲ್ಲಿ ಎಲ್ಲಿ, ಗುರುಗಳು ಯಾರು ಎಂದು ಕೇಳಲು ಹೊರಟವರ ಬಾಯನ್ನು ಇದೇ ಗಾದೆ ಹೇಳಿ ಮುಚ್ಚಿಸಲಾಯಿತು. ‘ನಿಮ್ಮ ಪ್ರಭೆ ಶುದ್ಧವಾಗಿದೆ’ ಎಂದು ಅವರು ಹೇಳಿದ ಮೇಲೆ ಹಿರಿಯರು ಮಾತ್ರೆ ಬಿಟ್ಟರು. ಕಾಲಿನಲ್ಲಿ ಎದ್ದ ಗಾಯವನ್ನು ಮನೆಯವರಿಗೂ ತೋರಿಸಲಿಲ್ಲ. ಕೊನೆಗೆ ಎರಡು ಬೆರಳು ತೆಗೆಯಬೇಕಾಯಿತು. ಸಾಧಕರು ಅಷ್ಟು ಹೊತ್ತಿಗೆ ಬೇರೆ ಊರಿನಲ್ಲಿದ್ದರು. ಆ ಹಿರಿಯರು ಓದದವರಲ್ಲ, ದಡ್ಡರಲ್ಲ. ನಮ್ಮಂತೆಯೇ ‘ಕಂಡೆ’ ಎಂಬ ಮಾತನ್ನು ನಂಬಿದರು, ಅಷ್ಟೆ. ಆಸ್ಪತ್ರೆಗೆ ನೋಡಲು ಹೋದಾಗ ಅವರು ಹೇಳಿದ್ದು ಒಂದೇ ಮಾತು: “ಕೇಳಬೇಕಾಗಿತ್ತಪ್ಪ, ಕೇಳೋಕೆ ಸಂಕೋಚ ಆಯ್ತು.”

ಎರಡನೆಯ ಉತ್ತರ ಇನ್ನೂ ದೊಡ್ಡದು. ಈ ಪುಸ್ತಕದಿಂದ ಅನ್ಯಾಯವಾದದ್ದು ಯಾರಿಗೆ? ಟಿಬೆಟನ್ನರಿಗೆ. ಅವರು ಕನ್ನಡಿಗರಿಗೆ ದೂರದವರಲ್ಲ. 1959ರಲ್ಲಿ ನಾಡು ಬಿಟ್ಟು ಬಂದವರಿಗೆ ಅಂದಿನ ಮೈಸೂರು ರಾಜ್ಯ ಬೈಲುಕುಪ್ಪೆಯಲ್ಲಿ ಭೂಮಿ ಕೊಟ್ಟಿತು. 1960ರ ದಶಕದಲ್ಲೇ ಮುಂಡಗೋಡಿನಲ್ಲಿಯೂ ನೆಲೆ ಸಿಕ್ಕಿತು. ಕಾಡು ಕಡಿದು, ಆನೆ ಓಡಿಸಿ, ಮುಸುಕಿನ ಜೋಳ ಬೆಳೆದು ಬದುಕಿದರು. ಲಾಸಾದ ಸುತ್ತಮುತ್ತ ಇದ್ದ ಸೆರಾ ಮಠ ಇಂದು ಬೈಲುಕುಪ್ಪೆಯಲ್ಲಿದೆ. ಡ್ರೆಪುಂಗ್ ಮತ್ತು ಗಾಂದೆನ್ ಮಠಗಳು ಮುಂಡಗೋಡಿನಲ್ಲಿವೆ.

ಡ್ರೆಪುಂಗ್ ಮಠದವರೇ ಆದ ಪಾಲ್ಡೆನ್ ಗ್ಯಾತ್ಸೊ ಎಂಬ ಭಿಕ್ಷುಗಳಿದ್ದರು. 1959ರಿಂದ ಮುಂದೆ ಒಟ್ಟು 33 ವರ್ಷ ಚೀನಾದ ಸೆರೆಮನೆಗಳಲ್ಲಿಯೂ ದುಡಿಮೆಯ ಶಿಬಿರಗಳಲ್ಲಿಯೂ ಕಳೆದರು. 1992ರಲ್ಲಿ ಬಿಡುಗಡೆಯಾಗಿ ಭಾರತಕ್ಕೆ ತಪ್ಪಿಸಿಕೊಂಡು ಬಂದರು. ಬರುವಾಗ ತಮ್ಮಂಥವರನ್ನು ಹಿಂಸಿಸಲು ಬಳಸುತ್ತಿದ್ದ ಸಲಕರಣೆಗಳನ್ನು ಹೇಗೋ ಸಂಪಾದಿಸಿ ಹೊತ್ತು ತಂದರು. ಏಕೆ? ಬರಿಯ ಬಾಯಿಮಾತನ್ನು ಜಗತ್ತು ನಂಬಲಿಕ್ಕಿಲ್ಲ ಎಂದು. ಅವರ ಆತ್ಮಕಥೆ ‘ಫೈರ್ ಅಂಡರ್ ದಿ ಸ್ನೋ’ 1997ರಲ್ಲಿ ಬಂತು. 2018ರಲ್ಲಿ ಅವರು ಧರ್ಮಶಾಲೆಯಲ್ಲಿ ತೀರಿಕೊಂಡರು.

ಈಗ ಹೇಳಿ. ಹಣೆಗೆ ರಂಧ್ರ ಕೊರೆಸಿಕೊಂಡೆ ಎಂದವನ ಪುಸ್ತಕವೂ, ಮೈಮೇಲಿನ ಗಾಯವನ್ನೇ ಪುರಾವೆಯಾಗಿ ತೋರಿಸಿದವರ ಪುಸ್ತಕವೂ ‘ಓದಿದವರಿಗೆ ಒಳ್ಳೆಯದಾದರೆ ಸಾಕು’ ಎಂಬ ಒಂದೇ ತಕ್ಕಡಿಯಲ್ಲಿ ತೂಗತಕ್ಕವೇ? ಸುಳ್ಳುಸಾಕ್ಷಿಯನ್ನು ಉದಾರವಾಗಿ ಕ್ಷಮಿಸುವವರು ಕಸಿದುಕೊಳ್ಳುವುದು ನಿಜಸಾಕ್ಷಿಯ ಮರ್ಯಾದೆಯನ್ನು. ಮುಂದೆ ಒಬ್ಬ ನಿಜವಾದ ಲಾಮಾ ಬಂದು ‘ನಾನು ಕಂಡೆ’ ಎಂದರೆ ಜನ ‘ಇರಬಹುದು, ಇಲ್ಲದಿರಬಹುದು, ಕಥೆ ಚೆನ್ನಾಗಿದೆ’ ಎಂದುಬಿಡುತ್ತಾರೆ. ಇದೇ ನಷ್ಟ.

ಹೋದ ಚಳಿಗಾಲದಲ್ಲಿ ಮಕ್ಕಳಿಗೆ ಸ್ವೆಟರ್ ಕೊಳ್ಳಲೆಂದು ಯಮುನಾ ದಡದ ಮಜ್ನೂ ಕಾ ಟೀಲಾಕ್ಕೆ ಹೋಗಿದ್ದೆವು. ಅದು ಟಿಬೆಟನ್ನರ ವಸತಿ. ಚೌಕಾಸಿ ಮಾಡುತ್ತ ನಮ್ಮವರ ಕಡೆ ತಿರುಗಿ ಕನ್ನಡದಲ್ಲಿ “ನೂರು ರೂಪಾಯಿ ಜಾಸ್ತಿ ಹೇಳ್ತಿದಾನೆ” ಎಂದೆವು. ಅಂಗಡಿಯ ಹಿರಿಯರು ನಕ್ಕು, “ಜಾಸ್ತಿ ಇಲ್ಲ ಸಾರ್, ಉಣ್ಣೆ ಚೆನ್ನಾಗೈತೆ, ಮುಟ್ಟಿ ನೋಡಿ. ಮೈಸೂರ್ ಕಡೆಯವ್ರಾ ನೀವು?” ಎಂದರು. ನಾವು ನಾಚಿಕೆಯಿಂದ ನೆಲ ನೋಡಿದೆವು. ಬೈಲುಕುಪ್ಪೆಯಲ್ಲಿ ಹುಟ್ಟಿ ಬೆಳೆದವರಂತೆ. ಪಿರಿಯಾಪಟ್ಟಣದ ಸಂತೆಯಲ್ಲಿ ಕಲಿತ ಕನ್ನಡ. ತಂದೆ ಟಿಬೆಟ್ಟಿನಿಂದ ನಡೆದು ಬಂದವರು. ಚಹಾ ತರಿಸಿ ಕೂರಿಸಿದರು. ಮಾತಿಗೆ ಮಾತು ಬಂದು ಈ ಪುಸ್ತಕದ ಹೆಸರನ್ನು ಎತ್ತಿದೆವು. ಹೆಸರು ಕೇಳಿದ್ದರು. “ಅವ್ನು ಬರ್ದಿದ್ದನ್ನ ಎಲ್ರೂ ಓದಿದ್ರು ಸಾರ್. ನಮ್ಮಪ್ಪ ಹೇಳಿದ್ದನ್ನ ಯಾರೂ ಬರ್ಕೊಳ್ಲಿಲ್ಲ” ಎಂದರು. ಕೋಪವಿಲ್ಲದೆ, ಸ್ವೆಟರ್ ಮಡಿಸುತ್ತ ಹೇಳಿದರು. ನಾವು ಚೌಕಾಸಿ ಮಾಡದೆ ದುಡ್ಡು ಕೊಟ್ಟು ಬಂದೆವು.

ಊರಿನಲ್ಲಿದ್ದರೆ ಮಕ್ಕಳಿಗೆ ‘ಇದು ಕಥೆ ಮಗೂ’, ‘ಇದು ನಡೆದದ್ದು ಮಗೂ’ ಎಂದು ಬಿಡಿಸಿ ಹೇಳಲು ಮನೆಯಲ್ಲಿ ಅಜ್ಜ ಅಜ್ಜಿ ಇರುತ್ತಾರೆ. ಈ ಪರಸ್ಥಳದಲ್ಲಿ ನಮ್ಮ ಮಕ್ಕಳಿಗೆ ಯಾರಿದ್ದಾರೆ? ನಾವು ಕಚೇರಿಯಿಂದ ಬರುವುದು ರಾತ್ರಿ. ಅವರು ಸಂಘದ ವಾಚನಾಲಯಕ್ಕೆ ಬಂದು ಕಪಾಟಿನ ಮೇಲೆ ಅಂಟಿಸಿದ ಚೀಟಿ ನೋಡಿ ಪುಸ್ತಕ ತೆಗೆಯುತ್ತಾರೆ. ಆ ಚೀಟಿಯೇ ಅವರಿಗೆ ಅಜ್ಜಿ. ಅಜ್ಜಿ ಸುಳ್ಳು ಹೇಳಬಾರದು.

ನಾವು ಪುಸ್ತಕವನ್ನು ಸುಡಿ ಎನ್ನುವುದಿಲ್ಲ, ರದ್ದಿಗೆ ಹಾಕಿ ಎಂದೂ ಇಲ್ಲ. ಓದಲು ಸೊಗಸಾಗಿದೆ, ಓದಲಿ. ನಮ್ಮ ಸೂಚನೆ ಇಷ್ಟೇ. ಒಂದು, ‘ದಿ ಥರ್ಡ್ ಐ’ಯನ್ನು ಕಾದಂಬರಿಯ ಕಪಾಟಿಗೆ ಸೇರಿಸತಕ್ಕದ್ದು. ಎರಡು, ಅದರ ಮೊದಲ ಪುಟದಲ್ಲಿ ಲೇಖಕನ ನಿಜವಾದ ಹೆಸರು, ಹುಟ್ಟಿದ ಊರು, ಗುಟ್ಟು ಬಯಲಾದ ವರ್ಷ ಇವನ್ನು ನಾಲ್ಕು ಸಾಲಿನಲ್ಲಿ ಬರೆದು ಅಂಟಿಸತಕ್ಕದ್ದು. ಮೂರು, ಪಾಲ್ಡೆನ್ ಗ್ಯಾತ್ಸೊ ಅವರ ಪುಸ್ತಕದ ಒಂದು ಪ್ರತಿಯನ್ನು ಸಂಘ ಕೊಳ್ಳತಕ್ಕದ್ದು. ಹಣದ ಅಡಚಣೆ ಇದ್ದರೆ ಆ ಖರ್ಚು ನಮ್ಮದಿರಲಿ.

ಮುಂದಿನ ಸಭೆ ಬರುವ ತಿಂಗಳ ಎರಡನೆಯ ಭಾನುವಾರ ನಾಲ್ಕು ಗಂಟೆಗೆ. ಗಾದೆ ಹೇಳಿದ ಮಿತ್ರರು ತಪ್ಪದೆ ಬರಬೇಕು. ಕೋಡುಬಳೆ ಈ ಸಲ ನಮ್ಮ ಮನೆಯಿಂದ. ಯಾರು ಕರಿದದ್ದೆಂದು ಕೇಳಿದರೆ ಬೇಸರವಿಲ್ಲ, ನಿಜವನ್ನೇ ಹೇಳುತ್ತೇವೆ.